ಪಕ್ಕೆಲುಬು ಕಾಣುವ ನಾಯಿ

ಸೂಜಿಯನ್ನು ನೋಡಿದವರೆಲ್ಲ ಮೊದಲು ಅದರ ಪಕ್ಕೆ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಊಟ ಹಾಕಲ್ವೇನಪ್ಪ ಅಂತ ಕೇಳುತ್ತಿದ್ದರು. ಹಾಕುತ್ತೀನಿ ಅಂದರೆ ನಂಬುತ್ತಿರಲಿಲ್ಲ. ಇದು ಮುಧೋಳದ ನಾಯಿ, ಓಡುವುದಕ್ಕೇ ಹುಟ್ಟಿದ್ದು, ಎದೆ ಆಳ, ಸೊಂಟ ಒಂದು ಹಿಡಿ, ಹಿಂದಿನ ಎಲುಬುಗಳು ಕಾಣಲೇಬೇಕು, ಕಾಣದಿದ್ದರೇ ಕಾಯಿಲೆ ಅಂತ ಬಿಡಿಸಿ ಹೇಳಿದರೆ ಹೌದಾ ಅನ್ನುತ್ತಿದ್ದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿ ಪಾಪ ಅನ್ನುತ್ತಿದ್ದರು. ಮೊದಮೊದಲು ನಾನು ಜಗಳಕ್ಕೆ ಹೋಗುತ್ತಿದ್ದೆ. ಆಮೇಲಾಮೇಲೆ, ಶಿಫ್ಟ್ ಮುಗಿಸಿ ಬಂದ ಮೈಯಲ್ಲಿ ಜಗಳಕ್ಕೆ ಬೇಕಾದ ಉಸಿರೇ ಉಳಿಯುತ್ತಿರಲಿಲ್ಲ.

ನಾವಿರುವುದು ಕ್ಯಾತ್ಸಂದ್ರದಲ್ಲಿ, ಹೈವೇಯಿಂದ ಒಳಗೆ, ವೆಂಕಟರಂಗಯ್ಯನವರ ಮನೆಯ ಕೆಳಗಿನ ಭಾಗದಲ್ಲಿ. ಒಂದು ರೂಮು, ಒಂದು ಅಡುಗೆಮನೆ. ಮೇಲೆ ಅವರೂ ಅವರ ಹೆಂಡತಿ ಭದ್ರಮ್ಮನೂ ಇದ್ದಾರೆ. ನನ್ನ ಅವ್ವ ವನಜಮ್ಮ ಹೈವೇ ಪಕ್ಕದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಾಳೆ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಈಗ ವಸಂತನರಸಾಪುರದಲ್ಲಿ ಪೈಪ್ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ. ಶಿಫ್ಟ್ ವಾರವಾರಕ್ಕೆ ಬದಲಾಗುತ್ತದೆ, ನಿದ್ದೆಯೂ ಅದರ ಹಿಂದೆ ಬದಲಾಗುತ್ತದೆ.

ನಾಯಿಯನ್ನು ತಂದವನು ನಾನಲ್ಲ. ಗುಬ್ಬಿ ಕಡೆ ನಮ್ಮ ಸೋದರಮಾವ ಸಿದ್ದಗಂಗಯ್ಯ, ಅಟ್ಟದ ಮೇಲಿನ ಕೊಬ್ಬರಿ ಕಾಯಲಿ ಅಂತ ಮರಿಯಿದ್ದಾಗಲೇ ತಂದಿದ್ದ. ಮಿಲಿಟರಿಯವರೇ ಸಾಕುವ ಜಾತಿ ಅಂತ ಯಾರೋ ಅವನ ಕಿವಿಗೆ ಹಾಕಿದ್ದರು. ಬೆಳೆದ ಮೇಲೆ ನೋಡಿದರೆ ನಾಯಿ ಬೊಗಳಲೇ ಇಲ್ಲ. ಈ ಜಾತಿಗೆ ಬಾಯಿ ಕಮ್ಮಿ, ಇದರ ಬದುಕೆಲ್ಲ ಕಣ್ಣಿನಲ್ಲಿ. ಗೊತ್ತಿಲ್ಲದವರು ಬಂದರೆ ಸುಮ್ಮನೆ ಎದ್ದು ಆ ಕಡೆ ಹೋಗಿ ಮಲಗುತ್ತಿತ್ತು. ಆದರೆ ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಕತ್ತು ನೆಟ್ಟಗಾಗಿ, ಕರೆದರೂ ಕಿವಿ ಕೇಳಿಸದೆ ಹೊರಟುಬಿಡುತ್ತಿತ್ತು. ಒಂದು ದಿನ ಪಕ್ಕದ ಹೊಲದವರ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗಿ ಕೆಡವಿತು. ಅಲ್ಲಿಗೆ ಮಾವನ ತಾಳ್ಮೆ ಮುಗಿಯಿತು.

'ಕಳ್ಳ ಬಂದ್ರೆ ಎದ್ದೋಗಿ ಮಲಿಕೊಳ್ತದೆ, ಕುರಿ ಬಂದ್ರೆ ಕೊಲ್ತದೆ. ಇದನ್ನ ಇಟ್ಕೊಂಡು ನಾನೇನ್ಲಾ ಪೂಜೆ ಮಾಡ್ಲಾ?' ಅಂದ.

ಹೈವೇಯಲ್ಲಿ ಬಿಟ್ಟುಬರುವ ಯೋಚನೆ ಅವನದು. ಲಾರಿಗಳ ಮಧ್ಯೆ ಅದು ಒಂದು ಸಂಜೆಯೂ ಬಾಳುತ್ತಿರಲಿಲ್ಲ. ನಾನೇ ಕ್ಯಾತ್ಸಂದ್ರಕ್ಕೆ ತಂದೆ. ಸೂಜಿ ಅಂತ ಹೆಸರಿಟ್ಟಿದ್ದು ಅವ್ವ, ಬೈಯುವುದಕ್ಕೆ ಇಟ್ಟಿದ್ದು. ಮೂತಿಯಿಂದ ಬಾಲದವರೆಗೆ ಎಲ್ಲೂ ಒಂದು ಮುಷ್ಟಿ ಮಾಂಸ ಇಲ್ಲ ಅಂತ. ಹೆಸರು ಅಂಟಿಕೊಂಡಿತು.

ಮೆಟ್ಟಿಲ ಕೆಳಗೆ ಅದರ ಜಾಗ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬರೀ ನೆಲದಲ್ಲಿ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಅದಕ್ಕೆ ಗೋಣಿಚೀಲ ಮಡಿಸಿ ಹಾಸಿ, ಮೇಲೆ ಅವ್ವನ ಹಳೇ ಸೀರೆ ಹಾಕಿದ್ದೆ. ಚಳಿ ತಡೆಯುವುದಿಲ್ಲ ಅಂತ ನನ್ನದೊಂದು ಸ್ವೆಟರಿನ ತೋಳು ಕತ್ತರಿಸಿ ತೊಡಿಸುತ್ತಿದ್ದೆ. ಬೀದಿಯವರು ನಗುತ್ತಿದ್ದರು. ಗದರಿದರೆ ದಿನವೆಲ್ಲ ಮುಖ ಕೊಡುತ್ತಿರಲಿಲ್ಲ. ಹೊಡೆಯುವ ಮಾತಂತೂ ದೂರ. ರಾಗಿ ಅಂಬಲಿ, ಮೊಸರು, ಒಂದು ಮೊಟ್ಟೆ, ಭಾನುವಾರ ಕೋಳಿ ಅಂಗಡಿಯವನು ಕೊಡುವ ಚೂರುಪಾರು ಬೇಯಿಸಿ ಹಾಕುತ್ತಿದ್ದೆ. ಊಟ ಯಾವಾಗಲೂ ಓಟ ಮುಗಿದು, ಮೈ ತಣ್ಣಗಾದ ಮೇಲೆ. ಹೊಟ್ಟೆ ತುಂಬಿದ ಮೇಲೆ ಓಡಿಸಬೇಡಿ ಅಂತ ಮೊಬೈಲಿನಲ್ಲಿ ಮುಧೋಳ ಕಡೆಯ ಒಬ್ಬರು ಹೇಳಿದ್ದನ್ನು ಕೇಳಿದ್ದೆ. ಯಾಕೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ.

ಓಡಿಸದಿದ್ದರೆ ಮಾತ್ರ ಆಗುತ್ತಿರಲಿಲ್ಲ. ಒಂದು ದಿನ ತಪ್ಪಿದರೆ ಸರಪಳಿ ಎಳೆದಾಡಿ, ಚಪ್ಪಲಿ ಕಡಿದು, ರಂಪ ಮಾಡುತ್ತಿತ್ತು. ಹಿಂದೆ ಹೊಸ ಲೇಔಟಿನ ಖಾಲಿ ಸೈಟುಗಳಿವೆ. ನಾನು ಕಾಲು ಎಳೆದುಕೊಂಡು ಅಲ್ಲಿಗೆ ಕರೆದೊಯ್ದು ಬಿಟ್ಟರೆ, ಮೊದಲ ನಾಲ್ಕು ನೆಗೆತಕ್ಕೇ ಬೇರೆ ಪ್ರಾಣಿಯಾಗುತ್ತಿತ್ತು. ಬೆನ್ನು ಬಿಲ್ಲಾಗಿ ಬಾಗಿ, ಹಿಂಗಾಲು ಮುಂಗಾಲನ್ನು ದಾಟಿ, ನಾಲ್ಕೂ ಕಾಲು ನೆಲ ಬಿಟ್ಟು. ಆಚೆ ಕಾಂಪೌಂಡ್ ಗೋಡೆ ಬರುವವರೆಗೆ. ಗೋಡೆ ಬಂದಾಗ ಧೂಳೆಬ್ಬಿಸಿ ತಿರುಗುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ದಿನದಲ್ಲಿ ನನ್ನದು ಅನ್ನುವ ಹೊತ್ತು ಅದೊಂದೇ.

ಶ್ರಾವಣ ಕಳೆದ ಮೇಲೆ ಒಂದು ದಿನ ಹಾಸ್ಟೆಲ್ಲಿನ ಹುಡುಗರು ಯಾರೋ ಗೇಟಿನ ಹೊರಗೆ ನಿಂತು ಸೂಜಿಯ ವೀಡಿಯೋ ಮಾಡಿಕೊಂಡು ಹೋದರು. ಮೂಕಪ್ರಾಣಿಯನ್ನು ಉಪವಾಸ ಕೆಡವಿದ್ದಾರೆ, ಇವರು ಮನುಷ್ಯರಾ ಅಂತ ಬರೆದು, ಅಳುವ ಮ್ಯೂಸಿಕ್ ಹಾಕಿ ಬಿಟ್ಟಿದ್ದರು. ಗೇಟು, ಗೇಟಿನ ಮೇಲೆ ವೆಂಕಟರಂಗಯ್ಯನವರ ಹೆಸರು, ಎಲ್ಲ ಅದರಲ್ಲಿ ಚೆನ್ನಾಗಿ ಬಂದಿತ್ತು. ಅದು ಸುತ್ತಿ ಸುತ್ತಿ ಗುಬ್ಬಿಯಲ್ಲಿರುವ ಅವರ ನೆಂಟರ ಮೊಬೈಲಿಗೂ ಹೋಗಿ, ಅಲ್ಲಿಂದ ಭದ್ರಮ್ಮನಿಗೆ ಫೋನು ಬಂತು. ಅವರು ಕೆಳಗಿಳಿದು ಬಂದಾಗ ನಾನು ಆಗಷ್ಟೇ ಶಿಫ್ಟಿಂದ ಬಂದು ಶೂ ಬಿಚ್ಚುತ್ತಿದ್ದೆ.

'ನೋಡಪ್ಪ ತಿಮ್ಮೇಶ, ಮಾರ್ನಮಿ ಅಮಾಸೆ ಹತ್ರ ಬಂತು. ಹಿರಿಯರಿಗೆ ಎಡೆ ಇಡ್ತೀವಿ. ನಮ್ಮೆಜಮಾನ್ರ ಕಡೆಯೋರೆಲ್ಲ ಬತ್ತಾರೆ. ಅವತ್ತು ಬಾಗ್ಲಲ್ಲಿ ಇಂಥ ಪ್ರಾಣಿ ನಿಂತಿದ್ರೆ, ನಮ್ಮತ್ತೆ ಮಾವನೇ ಬಂದು ಹಸ್ಕೊಂಡು ನಿಂತಂಗೆ ಕಣಪ್ಪ. ಅಷ್ಟೊತ್ತಿಗೆ ಇದ್ರ ಮೈ ತುಂಬಿಸು. ಆಗಲ್ವಾ, ಎಲ್ಲಾದ್ರೂ ಬುಟ್ಬುಡು.'

'ಅದು ಹಸ್ಕೊಂಡಿಲ್ಲಮ್ಮ. ಅದ್ರ ಮೈಯೇ ಅಷ್ಟು.'

'ನೀನ್ ಹೇಳ್ತೀಯ. ನೋಡ್ದೋರು?'

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೂ ಸುಲಭವಾಗುತ್ತಿತ್ತು. ದನ ಸಾಕಿದ ಮನೆಯಿಂದ ಬಂದ ಹೆಂಗಸು. ಎತ್ತಿನ ಪಕ್ಕೆಲುಬು ಕಂಡರೆ ಆ ಮನೆಯ ಮರ್ಯಾದೆ ಹೋಯಿತು ಅಂತ ನಂಬಿ ಬೆಳೆದವರು. ಎತ್ತು ಬೇರೆ, ಇದು ಬೇರೆ ಅಂದರೆ ಅವರ ತಲೆಗೆ ಹೋಗುವುದಾದರೂ ಹೇಗೆ?

ಅವ್ವನ ಹತ್ತಿರ ಹೇಳಿಕೊಂಡರೆ ಅವಳೂ ಅದನ್ನೇ ಅಂದಳು. 'ನಾಯಿಗೋಸ್ಕರ ಮನೆ ಬುಡಕ್ಕಾಯ್ತದೇನ್ಲಾ? ಎರಡು ಇಡ್ಲಿ ಜಾಸ್ತಿ ತಿಂದ್ರೆ ಅದ್ರ ಗಂಟೇನ್ ಹೋಯ್ತದೆ?'

ಅವತ್ತಿನಿಂದ ಹೋಟೆಲಿನಲ್ಲಿ ಉಳಿದ ತಟ್ಟೆ ಇಡ್ಲಿ ಕವರಿನಲ್ಲಿ ಬರತೊಡಗಿತು. ನಾನು ಕೆಲಸಕ್ಕೆ ಹೋದ ಮೇಲೆ ಭದ್ರಮ್ಮ ಮೇಲಿಂದ ತುಪ್ಪ ಕಲಸಿದ ಅನ್ನ ತಂದು ಹಾಕುತ್ತಿದ್ದರು. ಪಕ್ಕದ ಮನೆಯವರು ಬನ್ನು ಹಾಕುತ್ತಿದ್ದರು. ನಾನು ಬೇಡ ಅಂದರೆ ಆಯ್ತಪ್ಪ ಅನ್ನುತ್ತಿದ್ದರು, ನಾನು ಬಸ್ಸು ಹತ್ತಿದ ಮೇಲೆ ಹಾಕುತ್ತಿದ್ದರು. ಸೂಜಿಯ ಸೊಂಟ ಸ್ವಲ್ಪ ತುಂಬಿತು, ತಿರುಗುವಾಗ ಕಾಲು ಜಾರತೊಡಗಿತು. ಪಕ್ಕೆಲುಬು ಮಾತ್ರ ಹಾಗೇ ಇತ್ತು. ಆ ಎದೆಗೂಡೇ ಹಾಗೆ, ಅದನ್ನು ಮುಚ್ಚುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಭದ್ರಮ್ಮ ದಿನಾ ಬಂದು ಕೈಯಿಂದ ಸವರಿ ನೋಡಿ, ತಲೆ ಅಲ್ಲಾಡಿಸಿಕೊಂಡು ಮೇಲೆ ಹೋಗುತ್ತಿದ್ದರು.

ಅಮಾವಾಸ್ಯೆಯ ದಿನಕ್ಕೆ ರಜಾ ಕೇಳಿದೆ. ಸೂಪರ್‌ವೈಸರ್ ನಾಯಿ ಅನ್ನುವ ಮಾತು ಕೇಳಿ ನಕ್ಕು, ಮೊದಲು ನೀನು ಮನುಷ್ಯರ ಶಿಫ್ಟಿಗೆ ಬಾ ಅಂದ. ಸರಿ, ಹಿಂದಿನ ದಿನವೇ ಅವ್ವನಿಗೆ ಹೇಳಿದೆ: ಸೂಜಿಯನ್ನು ರೂಮೊಳಗೆ ಬಿಟ್ಟು ಬೀಗ ಹಾಕು, ನಾನು ಬಂದು ತೆಗೆಯುತ್ತೀನಿ. ನೆಂಟರು ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಯಾರ ಕಣ್ಣಿಗೂ ಬೀಳದಿದ್ದರೆ ಅವತ್ತಿನ ಗಂಡಾಂತರ ಕಳೆಯುತ್ತದೆ. ಭದ್ರಮ್ಮನಿಗೂ ಹೇಳಿದ್ದೆ, ಒಪ್ಪಿದ್ದರು. ಅವ್ವನೂ ಹಾಗೇ ಮಾಡಿ ಹೋಟೆಲಿಗೆ ಹೋಗಿದ್ದಾಳೆ. ಒಂದು ಕೀ ಮಾತ್ರ ಯಾವಾಗಲೂ ಇರುವಂತೆ ಮೇಲಿನ ಮನೆಯಲ್ಲಿತ್ತು.

ಮುಂದೆ ನಡೆದದ್ದು ನನಗೆ ಗೊತ್ತಾಗಿದ್ದು ಸಂಜೆ, ವೆಂಕಟರಂಗಯ್ಯನವರ ಬಾಯಿಂದ. ಎಲೆ ಹಾಕಿ, ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಂದು ಎಲೆಯನ್ನು ಟೆರೇಸಿನ ಮೇಲಿಟ್ಟು ಕಾಗೆಗೆ ಕಾದರಂತೆ. ಕಾಗೆ ಮುಟ್ಟದೆ ಅವರಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಕಾಗೆ ಬರಲಿಲ್ಲ. ಕರೆದರು, ಅನ್ನ ಎರಚಿದರು, ಅಕ್ಕಪಕ್ಕದ ಟೆರೇಸಿನಲ್ಲೂ ಅದೇ ಕಾ ಕಾ. ಆ ಬೀದಿಯ ಎಲ್ಲ ಮನೆಯ ಹಿರಿಯರಿಗೂ ಇದ್ದ ಕಾಗೆ ಎಷ್ಟೋ ಏನೋ. ಮಕ್ಕಳು ಹಸಿವಿಗೆ ಅಳುವುದಕ್ಕೆ ಶುರುಮಾಡಿದವು. ಆಗ ನೀರಿಗೆ ಅಂತ ಕೆಳಗಿಳಿದ ವೆಂಕಟರಂಗಯ್ಯನವರ ಅಕ್ಕ ನಮ್ಮ ರೂಮಿನ ಕಿಟಕಿ ನೋಡಿದ್ದಾರೆ. ಕಂಬಿಯ ಹಿಂದೆ ಸೂಜಿ ನಿಂತಿತ್ತು. ಉದ್ದ ಮುಖ, ಒಳಗೆ ಹೋದ ಕೆನ್ನೆ, ರೆಪ್ಪೆ ಹೊಡೆಯದ ಕಣ್ಣು.

'ಭದ್ರೀ, ನಮ್ಮಪ್ಪ ಇಲ್ಲಿ ಕಿಟಕೀಲಿ ನಿಂತವ್ನೆ ಕಣೇ. ನೀವು ಮೇಲೆ ಕಾಗೆ ಕರೀತಿದೀರ' ಅಂದರಂತೆ ಆ ಅಜ್ಜಿ.

ಅವರಪ್ಪ ಸಾಯುವಾಗ ಹಾಗೇ ಸೊರಗಿದ್ದರಂತೆ. ಆಮೇಲೆ ಯಾರು ತಡೆಯುತ್ತಾರೆ? ಕೀ ಬಂತು, ಬೀಗ ತೆರೆಯಿತು, ಟೆರೇಸಿನ ಎಲೆ ಕೆಳಗಿಳಿಯಿತು. ಹೋಳಿಗೆ, ವಡೆ, ಪಾಯಸ, ಕೋಸಂಬರಿ, ಅನ್ನ. ಒಂದು ಎಲೆಯಲ್ಲೇ ಮುಗಿಯಲಿಲ್ಲ. ಹಿರಿಯ ಮಗ ಹಾಕಿದ ಮೇಲೆ ಕಿರಿಯವನು ಬಿಡುತ್ತಾನಾ? ಸೊಸೆಯರು, ಹೆಣ್ಣುಮಕ್ಕಳು, ಮೊಮ್ಮಕ್ಕಳು, ತಮ್ಮ ಕೈಯಿಂದಲೂ ಹಿರಿಯರು ಒಂದು ತುತ್ತು ತಿನ್ನಲಿ ಅಂತ ಎಲ್ಲರೂ ಹಾಕಿದ್ದಾರೆ. ಸೂಜಿ ಸಾಮಾನ್ಯವಾಗಿ ಹೊಸಬರ ಕೈಯಿಂದ ಏನೂ ಮುಟ್ಟುತ್ತಿರಲಿಲ್ಲ. ವಾರಗಟ್ಟಲೆ ಕಂಡವರೆಲ್ಲ ತಿನ್ನಿಸಿ ತಿನ್ನಿಸಿ ಆ ಅಭ್ಯಾಸವನ್ನೂ ಕೆಡಿಸಿದ್ದರು. ಎಲ್ಲರದೂ ಮುಗಿದ ಮೇಲೆ ಮತ್ತೆ ಬೀಗ ಹಾಕಿ ಮೇಲೆ ಹೋಗಿದ್ದಾರೆ.

ನನಗೆ ಇದು ಯಾವುದೂ ಗೊತ್ತಿಲ್ಲ. ಮಧ್ಯಾಹ್ನ ಕಂಪನಿ ಬಸ್ಸಿಳಿದು ಬಂದಾಗ ಮೇಲೆ ನೆಂಟರ ಗಲಾಟೆ ಕೇಳುತ್ತಿತ್ತು. ರೂಮಿನ ಬೀಗ ಹಾಕಿದಂತೆಯೇ ಇತ್ತು. ತೆಗೆದರೆ ಸೂಜಿ ಬಾಗಿಲ ಹಿಂದೆಯೇ ನಿಂತಿತ್ತು, ಮಲಗಿರಲಿಲ್ಲ. ಬೆಳಗಿನ ಓಟ ತಪ್ಪಿದೆ, ಅದಕ್ಕೇ ಚಡಪಡಿಸುತ್ತಿದೆ ಅಂದುಕೊಂಡೆ. ನನಗೆ ಮಲಗಿದರೆ ಸಾಕಾಗಿತ್ತು. ಆದರೂ ಮುಖಕ್ಕೆ ನೀರು ಹಾಕಿಕೊಂಡು ಸೈಟಿಗೆ ಕರೆದುಕೊಂಡು ಹೋಗಿ ಬಿಟ್ಟೆ.

ಆಚೆ ಒಂದು ಕರು ಓಡಿತು, ಸೂಜಿ ಅದರ ಹಿಂದೆ ಹೊರಟಿತು. ಅರ್ಧ ದೂರ ಹೋದದ್ದು ನಿಂತುಬಿಟ್ಟಿತು. ಅದು ನಡುವೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹತ್ತಿರ ಹೋದರೆ ಮುಂಗಾಲು ಅಗಲಿಸಿ ವಾಂತಿಗೆ ಒದ್ದಾಡುತ್ತಿತ್ತು. ಏನೂ ಬರುತ್ತಿರಲಿಲ್ಲ, ಬರೀ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಹೊಟ್ಟೆ ಮುಟ್ಟಿದೆ. ತಮಟೆ ಮುಟ್ಟಿದಂತಾಯಿತು. ಎಲ್ಲರೂ ತುಂಬಿಸಬೇಕು ಅಂತಿದ್ದ ಪಕ್ಕೆ ಆಗ ಪೂರ್ತಿ ತುಂಬಿತ್ತು, ಒಂದು ಎಲುಬೂ ಕಾಣುತ್ತಿರಲಿಲ್ಲ.

ಎತ್ತಿಕೊಂಡು ಓಡಿಬಂದೆ. ನಾಯಿ ಅಂದ ಕೂಡಲೇ ಆಟೋದವನು ಸೀಟು ಗಲೀಜಾಗುತ್ತದೆ ಅಂದ. ನನ್ನ ಬೈಕಿನಲ್ಲಿ ಒಬ್ಬನೇ ಹೇಗೆ ಹಿಡಿಯುವುದು ಅಂತ ಗೇಟಿನಲ್ಲಿ ನಿಂತಿದ್ದಾಗ ವೆಂಕಟರಂಗಯ್ಯ ಮೆಟ್ಟಿಲಿಳಿದು ಬಂದರು. ಹಬ್ಬದ ಬಿಳಿ ಪಂಚೆ, ಹಣೆಯಲ್ಲಿ ನಾಮ. ಪಂಚೆ ಎತ್ತಿ ಕಟ್ಟಿ, ಹಿಂದೆ ಕೂತು, 'ಕೊಡಪ್ಪ' ಅಂತ ತೊಡೆಯ ಮೇಲೆ ಹಾಕಿಕೊಂಡರು.

ಬಟವಾಡಿ ಹತ್ತಿರ ಮನೆಯಲ್ಲೇ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರೊಬ್ಬರಿದ್ದಾರೆ. ಅವರ ಮನೆಯಲ್ಲೂ ಎಡೆಯ ಊಟ ನಡೆಯುತ್ತಿತ್ತು, ಕೈ ತೊಳೆದುಕೊಂಡು ಬಂದರು. ಹೊಟ್ಟೆಯ ಮೇಲೆ ಬೆರಳಲ್ಲಿ ಬಡಿದು ನೋಡಿ, ಏನು ತಿನ್ನಿಸಿದ್ರಿ ಅಂತ ನನ್ನನ್ನೇ ಕೇಳಿದರು. ನಾನು ಏನೂ ಇಲ್ಲ ಅಂದೆ. ವೆಂಕಟರಂಗಯ್ಯ ನೆಲ ನೋಡಿಕೊಂಡು ಒಂದೊಂದಾಗಿ ಹೇಳಿದರು. ಡಾಕ್ಟರು ಸೂಜಿಯ ಬಾಯಿಂದ ಹೊಟ್ಟೆಗೆ ಒಂದು ಟ್ಯೂಬು ಇಳಿಸಿದರು. ಸೂಜಿಯ ತಲೆ ನನ್ನ ಕೈಯಲ್ಲಿತ್ತು, ಕಾಲು ವೆಂಕಟರಂಗಯ್ಯನವರ ಕೈಯಲ್ಲಿತ್ತು. ಮೊದಲು ಗಾಳಿ ಬಂತು, ಆಮೇಲೆ ಪಾಯಸವೋ ಏನೋ ಹುಳಿ ವಾಸನೆಯದು ಆ ಬಿಳಿ ಪಂಚೆಯ ಮೇಲೆಲ್ಲ ಬಂತು. ಇಂಥ ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಜೋಲಿಯ ಹಾಗೆ ತೂಗುತ್ತಿರುತ್ತದೆ, ತುಂಬಿದ ಮೇಲೆ ಓಡಿದರೆ ಉಬ್ಬರಿಸುತ್ತದೆ, ಕೆಲವು ಸಲ ಸುತ್ತಿಕೊಂಡೂ ಬಿಡುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಸುತ್ತಿಕೊಂಡಿರಲಿಲ್ಲ. ಸುತ್ತಿಕೊಂಡಿದ್ದರೆ ಇದು ಉಳಿಯುವುದು ಕಷ್ಟವಿತ್ತು ಅಂದರು.

ಡ್ರಿಪ್ ಇಳಿಯುತ್ತಿದ್ದಾಗ ಹೊರಗಿನ ಜಗುಲಿಯಲ್ಲಿ ಕೂತೆವು. ನನ್ನ ಬಾಯಲ್ಲಿ ಮಾತೆಲ್ಲ ತಯಾರಾಗಿತ್ತು. ಇಷ್ಟು ತಿಂಗಳು ಪಾಪ ಪಾಪ ಅಂದವರಿಗೆಲ್ಲ ಸೇರಿಸಿ ಇವರೊಬ್ಬರಿಗೆ ಹೇಳಿಬಿಡಬೇಕು ಅಂತಿದ್ದೆ. ನಿಮ್ಮ ಹಿರಿಯರು ಹಸಿದಿದ್ದರೆ ಅದಕ್ಕೆ ನನ್ನ ನಾಯಿ ಯಾಕೆ ಸಾಯಬೇಕು ಅಂತ ಕೇಳಬೇಕು ಅಂತಿದ್ದೆ. ನಾನು ಬಾಯಿ ತೆರೆಯುವ ಮೊದಲು ಅವರು ಕಿಟಕಿಯ ಕಥೆ ಶುರುಮಾಡಿದರು. ಕೊನೆಗೆ ಪಂಚೆಯ ಕಲೆಯನ್ನು ಉಗುರಿನಿಂದ ಕೆರೆಯುತ್ತಾ, 'ನಾನೂ ಒಂದು ವಡೆ ಹಾಕ್ದೆ ಕಣಪ್ಪ. ನಾಯಿ ಅಂತ ಹಾಕ್ಲಿಲ್ಲ. ನಮ್ಮಪ್ಪ ಅಂದ್ಕೊಂಡೇ ಹಾಕ್ದೆ' ಅಂದರು.

ನನಗೆ ಇನ್ನೂ ಸಿಟ್ಟಿತ್ತು. ಅದನ್ನು ಹಿಡಿದು ನಿಲ್ಲಿಸುವ ತ್ರಾಣ ಇರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ವಾಪಸು ಬಂದಾಗ ನೆಂಟರು ಹೋಗಿದ್ದರು. ಭದ್ರಮ್ಮ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು, ಊಟ ಮಾಡಿದಂತಿರಲಿಲ್ಲ. ಸೂಜಿಯನ್ನು ಗೋಣಿಯ ಮೇಲೆ ಮಲಗಿಸಿದೆ. ಹೊಟ್ಟೆ ಇಳಿದು, ಮೊದಲಿಗಿಂತ ಸಣಕಲಾಗಿ ಕಾಣುತ್ತಿತ್ತು. ಈಗಲಾದರೂ ಅವರಿಗೆ ಅರ್ಥವಾಗಿರುತ್ತದೆ, ಇನ್ನು ತುಂಬಿಸು ಅನ್ನುವುದಿಲ್ಲ, ಸೂಜಿ ಇಲ್ಲೇ ಇರಬಹುದು ಅಂತ ನನ್ನ ಮನಸ್ಸಿನಲ್ಲಿತ್ತು. ಅವರು ಹತ್ತಿರ ಬಂದರು, ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

'ಹಿರಿಯರ ಹೆಸ್ರಲ್ಲಿ ನನ್ ಕೈಯಾರೆ ಹಾಕಿದ್ದು. ಅದನ್ನ ತಿಂದು ಇದು ಸತ್ತೋಗಿದ್ರೆ ಆ ಪಾಪ ಎಲ್ಲಿಗ್ ಹೋಗ್ತಿತ್ತು, ತಿಮ್ಮೇಶ? ಬೇಡ ಕಣಪ್ಪ. ನೀನಿರು, ನಿಮ್ಮವ್ವ ಇರ್ಲಿ, ಎಷ್ಟ್ ವರ್ಷ ಬೇಕಾದ್ರೂ ಇರಿ. ಇದು ಮಾತ್ರ ಬೇಡ. ನಾನ್ ಇದನ್ನ ನೋಡ್ಕೊಂಡು ಹಾಕ್ದೆ ಇರಕ್ಕಾಗಲ್ಲ, ಹಾಕಿದ್ರೆ ಹಿಂಗಾಯ್ತದೆ.'

ಅಷ್ಟು ಹೇಳಿ ಸೆರಗು ಕಣ್ಣಿಗೆ ಒತ್ತಿಕೊಂಡರು. ಬೈದವರ ಜೊತೆ ಜಗಳವಾಡಬಹುದು. ನನ್ನ ಕೈಲಿ ಸಾಯಬಾರದು ಅಂತ ಅಳುವವರ ಜೊತೆ ಏನು ಮಾಡುವುದು? ಬೇರೆ ಮನೆ ಕೇಳಿ ನೋಡಿದೆ. ಕ್ಯಾತ್ಸಂದ್ರದಲ್ಲಿ ಕೇಳಿದೆ, ಅಂತರಸನಹಳ್ಳಿ ಕಡೆಯೂ ಕೇಳಿದೆ. ನಾಯಿ ಅಂದ ಕೂಡಲೇ ಬಾಗಿಲು ಹಾಕುತ್ತಿದ್ದರು. ಅವ್ವ ಕವರಿನಲ್ಲಿ ಇಡ್ಲಿ ತರುವುದನ್ನು ನಿಲ್ಲಿಸಿದಳು.

ಕೊನೆಗೆ ಅಕ್ಕ ಶಾಂತಲಾಳಿಗೆ ಫೋನ್ ಮಾಡಿದೆ. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಭಾವ ಅಂಜನ್‌ಗೆ ಕೆರೆಯ ಕೆಳಗೆ ಸ್ವಲ್ಪ ಜಮೀನಿದೆ, ಕುರಿ ಮೇಕೆ ಇಲ್ಲ. ತಂದು ಬಿಡು ಅಂದಳು. ವಾರದ ರಜೆಯ ದಿನ ಸೂಜಿಯನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಹೊರಟೆ. ಟ್ಯಾಂಕಿನ ಮೇಲೆ ಮುಂಗಾಲಿಟ್ಟು, ಮೂತಿ ಗಾಳಿಗೆ ಕೊಟ್ಟುಕೊಂಡು ದಾರಿಯುದ್ದಕ್ಕೂ ನೋಡುತ್ತಲೇ ಬಂತು. ಸಿಗ್ನಲ್ಲಿನಲ್ಲಿ ಒಬ್ಬ ಊಟ ಹಾಕಲ್ವಾ ಗುರೂ ಅಂದ. ನಾನು ತಿರುಗಿಯೂ ನೋಡಲಿಲ್ಲ.

ಭಾವ ಸೂಜಿಯ ಸುತ್ತ ಒಂದು ಸುತ್ತು ಬಂದ. ಅವನು ಹುಟ್ಟಿ ಬೆಳೆದದ್ದೇ ಕುದುರೆ ಫಾರ್ಮಿನ ಮಗ್ಗುಲಲ್ಲಿ. ಬೆಳಗಾದರೆ ರೇಸ್ ಕುದುರೆಗಳನ್ನು ನೋಡಿದವನು.

'ಏನ್ ಬಾಮೈದ, ಇಷ್ಟು ದಪ್ಪ ಮಾಡ್ಕೊಂಡ್ ಬಂದಿದೀಯ? ಓಡೋ ಪ್ರಾಣೀನ ಹಿಂಗೇನೋ ಸಾಕೋದು?'

ಅಕ್ಕ ನಕ್ಕಳು. ನನಗೂ ನಗು ಬರಬೇಕಿತ್ತು. ಅದರ ಬದಲು ಅಲ್ಲೇ ಬಿದ್ದಿದ್ದ ಮರದ ದಿಂಡಿನ ಮೇಲೆ ಕೂತುಬಿಟ್ಟೆ. ಓಡಿಸಿದ ಮೇಲೆ ಊಟ, ಊಟದ ಮೇಲೆ ಓಟ ಇಲ್ಲ, ಚಳಿಗೆ ಏನಾದರೂ ಹೊದಿಸು, ಗದರಬೇಡ, ನಿಮ್ಮನೆ ಎಡೆಯ ದಿನ ದೂರ ಕಟ್ಟು ಅಂತ ಹೇಳಿದ್ದನ್ನೇ ಹೇಳುತ್ತಿದ್ದೆ. ಭಾವ ಹೂಂ ಹೂಂ ಅಂದು, ನೀನು ನಾಯಿ ಬಿಡುವುದಕ್ಕೆ ಬಂದಿದ್ದೀಯೋ, ಮಗಳನ್ನು ಗಂಡನ ಮನೆಗೆ ಕಳಿಸುವುದಕ್ಕೆ ಬಂದಿದ್ದೀಯೋ ಅಂತ ರೇಗಿಸಿದ.

ಬಿಸಿಲು ಇಳಿದ ಮೇಲೆ ಬೈಕಿನಲ್ಲೇ ಕೆರೆಯಂಗಳಕ್ಕೆ ಹೋದೆವು. ನೀರು ಹಿಂದೆ ಸರಿದ ಕಡೆ ಹಸಿರು ಗರಿಕೆ, ಅದರಾಚೆ ಏರಿಯವರೆಗೂ ಬಯಲು. ಸರಪಳಿಯ ಕೊಕ್ಕೆ ಬಿಚ್ಚಿದೆ. ಸೂಜಿ ಹೋಗಲಿಲ್ಲ. ನನ್ನ ಕಾಲಿಗೆ ಮೈಭಾರ ಹಾಕಿ ಒರಗಿ ನಿಂತಿತು. ಈ ಜಾತಿ ಮುದ್ದು ಮಾಡುವುದು ಹಾಗೇ, ನೆಕ್ಕುವುದಿಲ್ಲ, ಕುಣಿಯುವುದಿಲ್ಲ, ಒರಗುತ್ತದೆ. ನಾನು ಅದರ ಕಿವಿಯ ಹಿಂದೆ ಕೈಯಾಡಿಸುತ್ತಾ ಏನಾದರೂ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಬಹಳ ದೂರದಲ್ಲಿ, ನನಗೆ ಚುಕ್ಕೆಯಾಗಿ ಕಂಡದ್ದೇನೋ ಅಲುಗಿತು. ಕೊಕ್ಕರೆಯೋ, ಪ್ಲಾಸ್ಟಿಕ್ ಕವರೋ. ಕಾಲಿನ ಮೇಲಿದ್ದ ಭಾರ ಹೋಯಿತು.

ಇಷ್ಟು ದಿನ ಅದು ಓಡಿದ್ದನ್ನು ನೋಡಿದ್ದೇನೆ ಅಂದುಕೊಂಡಿದ್ದೆ. ನಾನು ನೋಡಿದ್ದು ಗೋಡೆಯವರೆಗಿನದು ಮಾತ್ರ. ಇಲ್ಲಿ ಅದು ನೆಲಕ್ಕೆ ಇನ್ನೂ ತಗ್ಗಿ, ಇನ್ನೂ ಉದ್ದವಾಗಿ, ಹೋಗುತ್ತಲೇ ಇತ್ತು. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ನಾನು ಹೋಗಿ ಬೈಕಿಗೆ ಕೀ ಹಾಕಿದೆ.

'ಇರೋ, ವಾಪಸ್ ಬರ್ಲಿ ಅದು' ಅಂದ.

'ಬಂದ್ರೆ ಬೈಕ್ ಹತ್ತಿ ಕೂತ್ಕೋತದೆ ಭಾವ.'

ಬಯಲಿನ ಆ ತುದಿಯಲ್ಲಿ ಅದಿನ್ನೂ ತಿರುಗಿರಲಿಲ್ಲ. ಕಿಕ್ಕರ್ ಹೊಡೆದೆ. ನನಗೆ ಬೆಳಗ್ಗೆ ಫಸ್ಟ್ ಶಿಫ್ಟ್ ಇತ್ತು.